ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಮೊದಲು

ಹದಿಹರೆಯದ ಮಕ್ಕಳಿಗೆ ಬೆಂಬಲ ಗುಂಪು ಶುರು ಮಾಡ್ತೇವೆ, ಸ್ವಯಂಸೇವಕರನ್ನು ಹೇಗೆ ತಪಾಸಣೆ ಮಾಡುವುದು ಅಂತ ಬಿಜೈ, ಕದ್ರಿ ಕಡೆಯ ಕೆಲವರು ಕೇಳಿದ್ದೀರಿ. "ಅವರು ನಮ್ಮ ಪರಿಚಯದವರೇ, ಒಳ್ಳೆ ಜನ" ಅನ್ನುವುದು ತಪಾಸಣೆ ಅಲ್ಲ ಮಾರಾಯ್ರೇ. ಮಂಗಳೂರಿನಲ್ಲಿ ಯಾರು ಯಾರಿಗೆ ಪರಿಚಯ ಇಲ್ಲ ಹೇಳಿ!

ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟಿಗೆ ಅರ್ಜಿ ಹಾಕಬಹುದು. ಮಕ್ಕಳೊಂದಿಗೆ ನಿತ್ಯ ಒಡನಾಡುವ ಸಂಸ್ಥೆಗಳ ಸಿಬ್ಬಂದಿಗೆ 2020ರ ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ನಿಯಮಗಳು ಪೊಲೀಸ್ ಪರಿಶೀಲನೆಯನ್ನು ಕಡ್ಡಾಯ ಮಾಡಿವೆ. ಸ್ವಯಂಸೇವಕರಿಗೂ ನಾವೇ ಮಾಡಿಸಿದರೆ ನಷ್ಟವೇನು? ಆದರೆ ಕೇಸೇ ಆಗದವನ ಕಾಗದ ಸ್ವಚ್ಛವಾಗಿಯೇ ಬರುತ್ತದೆ. ಹಾಗಾಗಿ ಅವರು ಹಿಂದೆ ಕೆಲಸ ಮಾಡಿದ ಕಡೆಯ ಇಬ್ಬರಿಗೆ ಫೋನ್ ಮಾಡಿ, "ಇವರನ್ನು ಪುನಃ ಮಕ್ಕಳ ಜೊತೆ ಬಿಡ್ತೀರಾ?" ಅಂತ ನೇರವಾಗಿ ಕೇಳಿ. ಉತ್ತರ ಬರುವ ಮೊದಲಿನ ಮೌನವನ್ನೂ ಗಮನಿಸಿ.

ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಮಾತಾಡಿಸುವುದು, ರಾತ್ರಿ ವಾಟ್ಸಾಪ್ ಮೆಸೇಜು, ಸ್ಕೂಟರಲ್ಲಿ ಮನೆಗೆ ಬಿಡುವುದು ಬೇಡವೇ ಬೇಡ. ಇದಕ್ಕೆ ಸಿಟ್ಟಾಗುವವರು ಬಾರದಿದ್ದರೂ ಅಡ್ಡಿಯಿಲ್ಲ.

ಮಗು ಏನಾದರೂ ಹೇಳಿಕೊಂಡರೆ ಕಮಿಟಿ ಸೇರಿಸಿ ಚರ್ಚೆಗೆ ಕೂರಬೇಡಿ. ಲೈಂಗಿಕ ದೌರ್ಜನ್ಯವಾದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಸಿಗುತ್ತದೆ.