ಮೂರು ಊರಲ್ಲಿ ಮೂರು ಡಗ್ಗಾ

"ದಾವಣಗೆರೆಯಲ್ಲಿ ಕೂತು ತಬಲಾ ನಂಬ್ಕೊಂಡು ಸಂಸಾರ ಮಾಡ್ತೀಯಾ? ಧಾರವಾಡಕ್ಕೆ ಹೋಗು, ಇಲ್ಲಾ ಬೆಂಗಳೂರಿಗೆ ಹೋಗು." 2012ರಲ್ಲಿ ಲೆಕ್ಕ ಬರೆಯುವ ಕೆಲಸ ಬಿಟ್ಟಾಗ ಹೀಗೆ ಹೇಳದವರೇ ಇರಲಿಲ್ಲ. ನಮ್ಮ ಗುರುಗಳೂ ಹೇಳಿದರು. ನಾನು ಎರಡೂ ಊರಿಗೆ ಹೋದೆ, ಆದರೆ ಕಾರ್ಯಕ್ರಮ ಮುಗಿಸಿ ಅದೇ ರಾತ್ರಿ ವಾಪಸ್ ಬಂದೆ. ಹನ್ನೆರಡು ವರ್ಷದ ಮೇಲಾಯಿತು, ಹಾಗೇ ನಡೀತಿದೆ. ಅವತ್ತು ಬುದ್ಧಿ ಹೇಳಿದವರಲ್ಲಿ ಇಬ್ಬರು ಈಗ ಫೋನ್ ಮಾಡಿ "ಹೆಂಗೆ ಹೊಂದಿಸ್ತೀಯೋ?" ಅಂತಾರೆ. ಅವರಿಗೆ ಅರ್ಧ ಮಾತ್ರ ಹೇಳಿದ್ದೆ. ಇಲ್ಲಿ ಮುಕ್ಕಾಲು ಹೇಳ್ತೀನಿ.

ಹುಬ್ಬಳ್ಳಿ ನಮಗೆ ನೂರೈವತ್ತು ಕಿಲೋಮೀಟರ್ ಒಳಗೆ. ಬೆಂಗಳೂರು 260ರ ಆಸುಪಾಸು. ಶಿವಮೊಗ್ಗ, ಚಿತ್ರದುರ್ಗ ಎರಡೂ ಎರಡು ಗಂಟೆ ಒಳಗಿನ ದಾರಿ. ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆಗೆ ಕೊನೆಯ ಭೈರವಿ ರಾಗ ಮುಗಿದರೆ ರಾಣಿ ಚೆನ್ನಮ್ಮ ರೈಲು ಹಿಡಿದು ಬೆಳಗಿನ ಜಾವ ಮನೆಯಲ್ಲಿರಬಹುದು. ಲಾಡ್ಜ್ ಖರ್ಚಿಲ್ಲ. ಚಿತ್ರದುರ್ಗದ ನನ್ನ ಹಾರ್ಮೋನಿಯಂ ಗೆಳೆಯನಿಗೆ ಈ ಪುಣ್ಯ ಇಲ್ಲ. ಮುಖ್ಯ ರೈಲುಗಳು ಚಿಕ್ಕಜಾಜೂರಿನಿಂದ ಸೀದಾ ನಮ್ಮ ಕಡೆ ತಿರುಗುತ್ತವೆ. ಅವನು ಪೆಟ್ಟಿಗೆ ಹೊತ್ತು ಬಸ್ಸೇ ಹತ್ತಬೇಕು.

ಕಷ್ಟ ಇದ್ದದ್ದು ಭಾರದಲ್ಲಿ. ಗಂಡಸರು ಹಾಡಿದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ, ಅಂದರೆ ಕಪ್ಪು ಒಂದರ ತಬಲಾ, ಹೆಂಗಸರಿಗೆ ಕಪ್ಪು ನಾಲ್ಕು, ಐದರದ್ದು. ಯಾರು ಯಾವಾಗ ಶ್ರುತಿ ಬದಲಿಸ್ತಾರೋ ಅಂತ ಇನ್ನೊಂದು. ಮೇಲೆ ಎಡಗೈಯ ದಪ್ಪ ಸದ್ದಿನ ಡಗ್ಗಾ, ಅಡಿಗಿಡುವ ಸಿಂಬಿ, ಶ್ರುತಿ ಮಾಡುವ ಸುತ್ತಿಗೆ, ಬಟ್ಟೆ. ಎಲ್ಲ ಸೇರಿ ಹದಿನೈದು ಕೆಜಿ ದಾಟುತ್ತಿತ್ತು. 2013ರ ಮೇ ತಿಂಗಳಲ್ಲಿ ರಾಣೆಬೆನ್ನೂರಿಗೆ ಹೋಗುವಾಗ ಕಂಡಕ್ಟರ್ ಮಾತು ಕೇಳಿ ಡಗ್ಗಾನ ಬಸ್ಸಿನ ಡಿಕ್ಕಿಯಲ್ಲಿ ಇಟ್ಟೆ. ಇಳಿದು ಚೀಲ ಬಿಚ್ಚಿದರೆ ಅಂಚಿನಿಂದ ಕರಿಯ (ಚರ್ಮದ ಮೇಲಿನ ಕಪ್ಪು ವೃತ್ತ) ತನಕ ಚರ್ಮ ಸೀಳಿತ್ತು. ಅಲ್ಲೇ ಒಂದು ಭಜನಾ ಮಂಡಳಿಯ ಡಗ್ಗಾ ಇಸ್ಕೊಂಡು ನುಡಿಸಿದೆ. ಸಂಭಾವನೆ ಬಂದದ್ದು ಸಾವಿರದಿನ್ನೂರು. ಚರ್ಮಕ್ಕೆ ಹೋದದ್ದು ಹೆಚ್ಚುಕಡಿಮೆ ಅಷ್ಟೇ.

ಆದರೆ ಆ ರಾತ್ರಿ ಒಂದು ಹೊಳೆಯಿತು. ತಬಲಾಕ್ಕೆ ಶ್ರುತಿ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಡಗ್ಗಾಕ್ಕೆ ಆ ಹಂಗಿಲ್ಲ. ಯಾವ ತಬಲಾದ ಪಕ್ಕದಲ್ಲೂ ಕೂರುತ್ತೆ. ಮತ್ತೆ ಅದನ್ನು ಯಾಕೆ ಹೊರಬೇಕು? ಹುಬ್ಬಳ್ಳಿಯಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು ಗೆಳೆಯರ ಮನೆಯಲ್ಲಿ ಇಟ್ಟರೆ ಆಯ್ತಲ್ವಾ?

ನಮ್ಮವರು ನಕ್ಕರು. "ಡಗ್ಗಾ ಕೈಗೆ ಒಗ್ಗಬೇಕು ಕಣೋ, ಬಾಡಿಗೆ ಸೈಕಲ್ಲಾ ಅದು?" ಅಂದರು. ಮೊದಲ ವರ್ಷ ಅವರು ಹೇಳಿದ್ದೇ ನಿಜವಾಯಿತು. ಮೂರೂವರೆ ಸಾವಿರಕ್ಕೆ ಒಂದರಂತೆ ಹಳೇ ಹಿತ್ತಾಳೆ ಡಗ್ಗಾ ಎರಡು ಕೊಂಡಿದ್ದೆ. ಬೆಂಗಳೂರಿನದ್ದರ ಚರ್ಮ ದಪ್ಪ. ನಿಧಾನದ ವಿಲಂಬಿತ ಏಕತಾಲದಲ್ಲಿ ಅಂಗೈ ಒತ್ತಿ ಜಾರಿಸಿದರೆ ಬರಬೇಕಾದ ಜಾರುವ ನಾದ, ಗುಮಕಿಯೇ ಇಲ್ಲ, ಹಲಗೆ ಬಡಿದ ಹಾಗೆ ಸದ್ದು. ಹಾಡುತ್ತಿದ್ದವರು ತಿರುಗಿ ಒಂದು ಸಲ ನೋಡಿದರು. ಏನೂ ಅನ್ನಲಿಲ್ಲ. ಆರು ತಿಂಗಳು ಅವರಿಂದ ಫೋನೂ ಬರಲಿಲ್ಲ.

ದಾರಿ ಸಿಕ್ಕಿದ್ದು ತಡವಾಗಿ. ಮೂರೂ ಡಗ್ಗಾ ದಾವಣಗೆರೆಗೆ ತಂದೆ. ಒಬ್ಬರ ಕೈಯಲ್ಲೇ, ಒಂದೇ ಸಲಕ್ಕೆ, ಒಂದೇ ಚರ್ಮದಿಂದ ಮೂರಕ್ಕೂ ಕಟ್ಟಿಸಿದೆ. ಕರಿಯ ಅಳತೆಯೂ ಒಂದೇ. ಐದು ಸಾವಿರ ಚಿಲ್ಲರೆ ಆಯಿತು. ಆಮೇಲೆ ಕಣ್ಣು ಮುಚ್ಚಿ ನುಡಿಸಿದರೆ ಯಾವುದು ಯಾವುದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಕಟ್ಟಿದವರು ಯಾರು, ಚರ್ಮ ಎಷ್ಟು ತೆಳು ಅಂತ ಕೇಳಬೇಡಿ. ಅವರ ಹತ್ತಿರ ಈಗಾಗಲೇ ಎರಡು ತಿಂಗಳ ಪಾಳಿ ಇದೆ.

ಈಗ ಬೆನ್ನಿಗೊಂದು ಚೀಲ, ಅದರಲ್ಲಿ ಎರಡು ತಬಲಾ. ಒಂದು ಊರಿನ ಕಾರ್ಯಕ್ರಮ ಮುಗಿಸಿ ಮರುದಿನ ಇನ್ನೊಂದಕ್ಕೆ ಹೋದರೂ ಭುಜ ನೋಯಲ್ಲ. ವಂದೇ ಭಾರತ್ 2023ರಲ್ಲಿ ಶುರುವಾಗಿ ನಮ್ಮಲ್ಲೂ ನಿಲ್ಲುತ್ತೆ ನಿಜ. ಆದರೆ ಆ ಟಿಕೆಟ್ಟಿನ ದುಡ್ಡಲ್ಲಿ ನಾನು ಬೇರೆ ರೈಲಲ್ಲಿ ಹೋಗಿ, ಬಂದು, ಬೆಣ್ಣೆ ದೋಸೆನೂ ತಿನ್ನಬಹುದು. ಯಾರಾದರೂ ಕೈ ಕೊಟ್ಟು, ಬೆಳಿಗ್ಗೆ ಕರೆದು ಸಂಜೆಗೆ ಬೇಕು ಅಂದಾಗ ಮಾತ್ರ ಅದು.

ದುಡ್ಡಿನ ವಿಷಯ. ಮೊದಲೆಲ್ಲ "ಎಲ್ಲಾ ಸೇರಿ ಎರಡು ಸಾವಿರ" ಅಂತ ಒಪ್ಪಿಕೊಳ್ಳುತ್ತಿದ್ದೆ. ಒಂದೂರಿನ ಸಂಘದವರು ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು "ಕವರ್ ನಾಳೆ ಕಳಿಸ್ತೀವಿ ಸಾರ್" ಅಂದರು. ಅರ್ಧ ಬಂದದ್ದು ಯುಗಾದಿ ಕಳೆದ ಮೇಲೆ. ಇನ್ನರ್ಧ ಇನ್ನೂ ದಾರಿಯಲ್ಲಿದೆ. ಅವತ್ತಿನಿಂದ ಓಡಾಟದ ಖರ್ಚು ಬೇರೆ, ಸಂಭಾವನೆ ಬೇರೆ. ಖರ್ಚು ಮೊದಲೇ ಬರಬೇಕು. ಹತ್ತರಲ್ಲಿ ಮೂರು ಜನ ಆಗಲ್ಲ ಅಂದರು. ಅವರನ್ನು ಬಿಟ್ಟದ್ದಕ್ಕೆ ನಷ್ಟ ಏನೂ ಆಗಲಿಲ್ಲ. ಈಗ ಸೀಸನ್ನಿನಲ್ಲಿ ತಿಂಗಳಿಗೆ ಹನ್ನೆರಡು ಹದಿಮೂರು ಕಾರ್ಯಕ್ರಮ, ಮೂರೂವರೆಯಿಂದ ಐದು ಸಾವಿರದ ತನಕ. ಆಷಾಢದಲ್ಲಿ ಸೊನ್ನೆ. ಆಗ ಮನೆಗೆ ಬರುವ ಹದಿನೆಂಟು ಹುಡುಗರ ಫೀಸೇ ಅಕ್ಕಿ, ಬೇಳೆ. ಶಾಲುಗಳನ್ನು ಮನೆಯವಳು ಕತ್ತರಿಸಿ ತಬಲಾಕ್ಕೆ ಮುಸುಕು ಹೊಲಿದಿದ್ದಾಳೆ.

ಶ್ರಾವಣದ ಪುರಾಣ ಪ್ರವಚನಕ್ಕೆ ಒಂದೆರಡು ವರ್ಷ ತಬಲಾ ನುಡಿಸಿದೆ. ಮಠದಲ್ಲೇ ಊಟ, ವಸತಿ, ತಿಂಗಳಿಗೆ ಒಟ್ಟು ಮೊತ್ತ. ನೆಮ್ಮದಿ ಇತ್ತು, ಸುಳ್ಳು ಹೇಳಬಾರದು. ಆದರೆ ಒಂದೇ ಊರಲ್ಲಿ ತಿಂಗಳು ಕೂತರೆ ಬೇರೆಯವರು ನಮ್ಮ ನಂಬರ್ ಮರೀತಾರೆ. ಬಿಟ್ಟೆ.

ನಡುವೆ ತಬಲಾ ತರಂಗದ ಹುಚ್ಚು ಹಿಡಿದಿತ್ತು, ಅಂದರೆ ಒಂದೊಂದು ಸ್ವರಕ್ಕೆ ಒಂದೊಂದು ತಬಲಾ ಇಟ್ಟು ರಾಗ ನುಡಿಸೋದು. ಹನ್ನೊಂದು ತಬಲಾ ಕೂಡಿಸಿ ದುರ್ಗಾ ರಾಗಕ್ಕೆ ಹೊಂದಿಸಿ ಅರ್ಧಚಂದ್ರದ ಹಾಗೆ ಜೋಡಿಸಿದೆ. ಮನೆಯಲ್ಲಿ ಅದ್ಭುತ! ಏಪ್ರಿಲ್ಲಿನಲ್ಲಿ ಬಯಲು ವೇದಿಕೆಗೆ ಒಯ್ದೆ. ನಮ್ಮೂರ ಬಿಸಿಲು ಗೊತ್ತಲ್ಲ, ಚರ್ಮ ಬಿಗಿದು ಎಲ್ಲ ಮೇಲೇರಿದವು, ಅದೂ ಒಂದೊಂದು ಒಂದೊಂದು ಅಳತೆಗೆ. ಕೊನೆಯದಕ್ಕೆ ಸುತ್ತಿಗೆ ಹಾಕುವಷ್ಟರಲ್ಲಿ ಮೊದಲನೆಯದು ಮತ್ತೆ ಏರಿತ್ತು. ನಲವತ್ತು ನಿಮಿಷ ಬರೀ ಟಕ್ ಟಕ್. ಜನ ಎದ್ದು ಮಿರ್ಚಿ ಮಂಡಕ್ಕಿ ಕಡೆ ಹೋದರು. ಎಂಟು ತಬಲಾ ಮಾರಿದೆ, ಕೊಂಡದ್ದಕ್ಕಿಂತ ಆರು ಸಾವಿರ ಕಮ್ಮಿಗೆ. ಉಳಿದ ಮೂರರಲ್ಲಿ ಒಂದು ಈಗ ನನ್ನ ಅತ್ಯುತ್ತಮ ಕಪ್ಪು ಒಂದು.

ಮಳೆಗಾಲದಲ್ಲಿ ಸಾಗರದ ಕಡೆ ಹೋದರೆ ಇದರ ಉಲ್ಟಾ, ಎಲ್ಲ ಇಳಿದು ಮೆತ್ತಗಾಗುತ್ತೆ. ಚೀಲದೊಳಗೆ ಒಂದು ಗಂಟು ಇಡ್ತೀನಿ, ಸ್ಟೇಜ್ ಹತ್ತುವ ತನಕ ತಬಲಾ ಬೆಚ್ಚಗಿರುತ್ತೆ. ಗಂಟಿನಲ್ಲಿ ಏನಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಹೋದ ವಾರ ಹುಬ್ಬಳ್ಳಿಗೆ ಹೋದಾಗ ಅಲ್ಲಿನ ಡಗ್ಗಾ ಬಲಗಡೆ ಸ್ವಲ್ಪ ತಗ್ಗಿತ್ತು. ಮೂರರಲ್ಲಿ ಅದೊಂದೇ ಯಾಕೆ ಅಂತ ಕೇಳಿದೆ. ಗೆಳೆಯ ನಾಚಿಕೊಂಡ. ಅವನ ಎಂಟು ವರ್ಷದ ಮಗ ಶಾಲೆಯಿಂದ ಬಂದವನೇ ಅದನ್ನು ಮುಂದಿಟ್ಟುಕೊಂಡು ಕೂರ್ತಾನಂತೆ. ಹತ್ತು ವರ್ಷದಿಂದ ಇಟ್ಟುಕೊಂಡದ್ದಕ್ಕೆ ಆ ಮನೆಯವರು ಒಂದು ರೂಪಾಯಿ ತಗೊಂಡಿಲ್ಲ. ಹುಡುಗನ ಕೈ ತೆಗೆದು ಸರಿಯಾದ ಜಾಗಕ್ಕೆ ಇಟ್ಟು, ಕಹರವಾ ತಾಳ ತೋರಿಸಿಕೊಟ್ಟು ಸ್ಟೇಷನ್ನಿಗೆ ಹೊರಟೆ.