ಶೇಂಗಾ ಕೂರಿಗೆಯಲ್ಲಿ ಮೆಕ್ಕೆಜೋಳ ಬಿತ್ತುವುದು ಹೇಗೆ?

ಚಳ್ಳಕೆರೆ, ಹಿರಿಯೂರು, ಜಗಳೂರು ಸೀಮೆಯಲ್ಲಿ ಶೇಂಗಾ ಕೈಬಿಟ್ಟು ಮೆಕ್ಕೆಜೋಳ ಹಿಡಿದವರ ಮನೆ ಹಿಂದೆ ಒಂಬತ್ತು ತಾಳಿನ (ಮಣ್ಣು ಸೀಳಿ ಸಾಲಿಗೆ ಬೀಜ ಇಳಿಸುವ ಕಾಲಿನ) ಟ್ರ್ಯಾಕ್ಟರ್ ಕೂರಿಗೆ ಇನ್ನೂ ನಿಂತಿರುತ್ತದೆ. ಚೌಕಟ್ಟು ನೆಟ್ಟಗಿದ್ದು, ಬೀಜದ ಪೆಟ್ಟಿಗೆ ತುಕ್ಕು ಹಿಡಿದು ತೂತಾಗಿಲ್ಲದಿದ್ದರೆ ಅದರಲ್ಲೇ ಮೆಕ್ಕೆಜೋಳ ಬಿತ್ತಬಹುದು. ಆದರೆ ಬೀಜ ಎತ್ತಿ ಪೈಪಿಗೆ ಬಿಡುವ ತಟ್ಟೆ ಬದಲಿಸಿದರೆ ಸಾಕು ಎಂದುಕೊಂಡವರ ಹೊಲದಲ್ಲಿ ಒಂದು ಕಡೆ ಮೂರು ಸಸಿ, ಇನ್ನೊಂದು ಕಡೆ ಒಂದು ಮಾರು ಖಾಲಿ.

ಶೇಂಗಾದಲ್ಲಿ ಒಂದು ಬೀಜ ತಪ್ಪಿದರೆ ಅಕ್ಕಪಕ್ಕದ ಗಿಡ ಹರಡಿ ಜಾಗ ತುಂಬಿಕೊಳ್ಳುತ್ತದೆ. ಮೆಕ್ಕೆಜೋಳ ಹಾಗೆ ತೆಂಡೆ ಒಡೆದು ಹರಡುವ ಬೆಳೆಯಲ್ಲ. ಕಾಳು ತಪ್ಪಿದರೆ ಒಂದು ತೆನೆ ಹೋಯಿತು; ಒಂದೇ ಕಡೆ ಎರಡು ಬಿದ್ದರೆ ಒಂದು ಸೊರಗಿ ಬರೀ ದಂಟಾಗುತ್ತದೆ. ಆದ್ದರಿಂದ ಎಕರೆಗೆ ಎಷ್ಟು ಕೆ.ಜಿ. ಎಂಬ ಲೆಕ್ಕ ಬಿಟ್ಟು ಎಷ್ಟು ಕಾಳು ಎಂದು ಎಣಿಸಬೇಕು.

ಇಲ್ಲಿ ಹೇಳುವುದು ಪೆಟ್ಟಿಗೆಯೊಳಗೆ ಓರೆಯಾಗಿ ಕುಳಿತು ತಿರುಗುವ ತಟ್ಟೆ ಇರುವ ಕೂರಿಗೆಗೆ ಮಾತ್ರ. ಉದ್ದುದ್ದ ತೋಡುಗಳಿರುವ ರೋಲರಿನಿಂದ ಬೀಜ ಸುರಿಯುವ ಯಂತ್ರವಾದರೆ ಅದು ಕಾಳನ್ನು ಒಂದೊಂದಾಗಿ ಬಿಡುವುದಿಲ್ಲ, ಅದಕ್ಕೆ ದುಡ್ಡು ಹಾಕುವುದು ದಂಡ.

ಮೊದಲು ತಾಳು

ಶೇಂಗಾ ಸಾಲು 30 ಸೆಂ.ಮೀ., ಮೆಕ್ಕೆಜೋಳದ ಸಾಲು 60 ಸೆಂ.ಮೀ. ಒಂದು ಬಿಟ್ಟು ಒಂದು ತಾಳು ಬಿಚ್ಚಿದರಾಯಿತು ಎಂದು ಹೆಚ್ಚಿನವರು ಐದು ತಾಳು ಉಳಿಸಿಕೊಳ್ಳುತ್ತಾರೆ. ತಪ್ಪಾಗುವುದು ಅಲ್ಲೇ. ಐದು ತಾಳು ಉಳಿಸಿದರೆ ನಡುವಿನ ತಾಳಿನ ಎರಡೂ ಬದಿಯ ಸಾಲುಗಳು ಟ್ರ್ಯಾಕ್ಟರಿನ ನಟ್ಟನಡುವಿನಿಂದ 60 ಸೆಂ.ಮೀ. ದೂರಕ್ಕೆ ಬರುತ್ತವೆ. ಸಾಮಾನ್ಯ ಟ್ರ್ಯಾಕ್ಟರಿನ ಹಿಂದಿನ ಟೈರು ಉಜ್ಜಿಕೊಂಡು ಹೋಗುವುದೂ ಅದೇ ಜಾಗವನ್ನು, ಹೆಚ್ಚುಕಡಿಮೆ 50ರಿಂದ 85 ಸೆಂ.ಮೀ. ನಡುವೆ. ಒತ್ತಿದ ಮಣ್ಣಿನಲ್ಲಿ ತಾಳು ಆಳಕ್ಕೆ ಇಳಿಯದೆ ಕಾಳು ಮೇಲೆಯೇ ಉಳಿಯುತ್ತದೆ.

ಹಾಗಾಗಿ ನಡುವಿನದನ್ನೂ ಸೇರಿಸಿ ಐದು ತಾಳು ತೆಗೆದು ನಾಲ್ಕನ್ನು ಉಳಿಸಿ: ನಡುವಿನಿಂದ ಎಡಕ್ಕೂ ಬಲಕ್ಕೂ 30 ಮತ್ತು 90 ಸೆಂ.ಮೀ.ಗೆ. ಸಾಲು ಒಂದು ಕಡಿಮೆಯಾಗುತ್ತದೆ ನಿಜ, ಟೈರಿನ ಗಾಲಿದಾರಿ ಮಾತ್ರ ಸಾಲುಗಳ ನಡುವೆ ಉಳಿಯುತ್ತದೆ.

ಮುಂದಿನ ಸಲದ ಓಟಕ್ಕೆ ನೆಲದ ಮೇಲೆ ಗುರುತು ಎಳೆಯುವ ಕೋಲನ್ನೂ ಬದಲಿಸಬೇಕು. ಒಂಬತ್ತು ಸಾಲಿಗೆ ಅಗಲ 2.7 ಮೀಟರ್ ಇತ್ತು, ಈಗ ನಾಲ್ಕು ಸಾಲಿಗೆ 2.4 ಮೀಟರ್. ಬಾನೆಟ್ಟಿನ ನಡುವನ್ನು ಗೆರೆಗೆ ಹಿಡಿದು ಓಡಿಸುವವರು ಕೋಲಿನ ತುದಿಯನ್ನು ಹೊರಗಿನ ತಾಳಿನಿಂದ 1.5 ಮೀಟರ್ ಆಚೆಗೆ ಇಟ್ಟುಕೊಳ್ಳಬೇಕು.

ಚಕ್ರದ ಲೆಕ್ಕ

ನೆಲದ ಮೇಲೆ ಉರುಳುತ್ತಾ ತಟ್ಟೆಯನ್ನು ತಿರುಗಿಸುವ ನೆಲಚಕ್ರದ ಸುತ್ತಳತೆಯನ್ನು ಟೇಪಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ; ಹೊಲದಲ್ಲಿ ಚಕ್ರ ಸ್ವಲ್ಪ ಜಾರುತ್ತದೆ. ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಬಿತ್ತನೆಗೆ ಹದ ಮಾಡಿದ ಮಣ್ಣಿನಲ್ಲೇ ಹತ್ತು ಸುತ್ತು ಎಳೆಸಿ ದೂರ ಅಳೆಯಿರಿ. 13 ಮೀಟರ್ ಬಂತು ಎನ್ನೋಣ. ಒಂದು ಸುತ್ತಿಗೆ 1.3 ಮೀಟರ್. ಇನ್ನೊಂದು ಗುರುತನ್ನು ತಟ್ಟೆಗೆ ಹಾಕಿ, ಚಕ್ರದ ಹತ್ತು ಸುತ್ತಿಗೆ ತಟ್ಟೆ ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸಿ. ಮುಂದಿನ ಲೆಕ್ಕಕ್ಕೆ ಎರಡೂ ಸಮ ತಿರುಗುತ್ತವೆ ಎಂದಿಟ್ಟುಕೊಳ್ಳೋಣ.

ಕಾಳಿಂದ ಕಾಳಿಗೆ 20 ಸೆಂ.ಮೀ. ಬೇಕಾದರೆ 130ನ್ನು 20ರಿಂದ ಭಾಗಿಸಿ: ಆರೂವರೆ. ಆರು ಕಾಳು ಬಿದ್ದರೆ ಎಕರೆಗೆ ಸುಮಾರು 31,000. ಏಳು ಬಿದ್ದರೆ 36,000. ನೂರಕ್ಕೆ ತೊಂಬತ್ತು ಮೊಳೆತರೂ ಏಳರಲ್ಲಿ 32,000 ಗಿಡ ನಿಲ್ಲುತ್ತವೆ, ಆದ್ದರಿಂದ ಏಳೇ ಸರಿ. ಆಗ ಅಂತರ 18.6 ಸೆಂ.ಮೀ.

ಅಂಚಿನಲ್ಲಿ ಕಾಳು ಕೂರುವ ಏಳು ಗುಳಿಯ ತಟ್ಟೆ ಮಾಡಿ ಅದೇ ವೇಗದಲ್ಲಿ ತಿರುಗಿಸಬಹುದಲ್ಲ ಎನಿಸುತ್ತದೆ. ಗಂಟೆಗೆ 4 ಕಿ.ಮೀ. ಓಟದಲ್ಲಿ ತಟ್ಟೆ ನಿಮಿಷಕ್ಕೆ 51 ಸುತ್ತು ಹೊಡೆಯುತ್ತದೆ. ಅಷ್ಟು ಜೋರಿಗೆ ಗುಳಿಯಲ್ಲಿ ಕಾಳು ಕೂರುವಷ್ಟು ಹೊತ್ತೇ ಸಿಗುವುದಿಲ್ಲ. ತಟ್ಟೆಯ ವೇಗ ಅರ್ಧಕ್ಕಿಳಿಸಿ ಗುಳಿ 14 ಮಾಡುವುದು ಮೇಲು. ಬೀಜದ ಶಾಫ್ಟಿನ ಸ್ಪ್ರಾಕೆಟ್ 14 ಹಲ್ಲಿನದಿದ್ದರೆ 28 ಹಲ್ಲಿನದು ಕೂರಿಸಿ. ಚೈನಿಗೆ 8 ಕೊಂಡಿ ಹೆಚ್ಚು ಬೇಕಾಗುತ್ತದೆ, ಉಳಿಯುವ ಸಡಿಲನ್ನು ಬಿಗಿಗಾಲಿಯಿಂದ ಎಳೆದುಕೊಳ್ಳಿ.

ತಟ್ಟೆ ಮಾಡಿಸುವುದು

ಕೊಂಡ ಬೀಜದ ಚೀಲದಿಂದಲೇ 50 ಕಾಳು ತೆಗೆದು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಸರಾಸರಿ ಬೇಡ, ಅತಿ ದೊಡ್ಡ ಕಾಳಿನ ಅಳತೆ ಬೇಕು. 11 ಮಿ.ಮೀ. ಉದ್ದ, 8–9 ಅಗಲ, 5 ದಪ್ಪ ಬಂದರೆ ಗುಳಿಯ ಅಗಲ 12, ಆಳ 9, ತಟ್ಟೆಯ ದಪ್ಪ 5 ಮಿ.ಮೀ. ಇರಲಿ. ತಟ್ಟೆ ದಪ್ಪವಾದರೆ ಚಪ್ಪಟೆ ಕಾಳು ಒಂದರ ಮೇಲೊಂದು ಮಲಗಿ ಜೋಡಿ ಬೀಳುತ್ತವೆ. ಹಳೆಯ ಶೇಂಗಾ ತಟ್ಟೆಯಲ್ಲಿ ಆಗುವುದೂ ಇದೇ. ಗುಳಿಗಳನ್ನು ಒಂದು ಬಿಟ್ಟು ಒಂದು ಮುಚ್ಚಿದರೂ ಪ್ರಯೋಜನವಿಲ್ಲ.

ನೈಲಾನ್ ಹಾಳೆ ಸಾಕು. ತಟ್ಟೆ 120 ಮಿ.ಮೀ. ವ್ಯಾಸದ್ದಾದರೆ ಮೊದಲು 135 ಮಿ.ಮೀ. ಬಿಲ್ಲೆ ಕತ್ತರಿಸಿ. ಅಂಚಿನಲ್ಲೇ ಡ್ರಿಲ್ ಹಿಡಿದರೆ ಬಿಟ್ ಹೊರಕ್ಕೆ ಜಾರುತ್ತದೆ. ನಡುವಿನಿಂದ 57 ಮಿ.ಮೀ.ಗೆ ವೃತ್ತ ಎಳೆದು, ಡಿವೈಡರನ್ನು ಸರಿಯಾಗಿ ಒಂದು ಇಂಚಿಗೆ ತೆರೆದು ಅದರ ಮೇಲೆ ಹೆಜ್ಜೆ ಹಾಕಿ. ಹದಿನಾಲ್ಕನೇ ಹೆಜ್ಜೆ ಹೊರಟಲ್ಲಿಗೇ ಬರುತ್ತದೆ. ಅಲ್ಲೆಲ್ಲ 12 ಮಿ.ಮೀ. ತೂತು ಕೊರೆದ ಮೇಲೆ ಲೇತಿನಲ್ಲಿ 120ಕ್ಕೆ ಇಳಿಸಿದರೆ ಗುಳಿಗಳ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಆದರೆ ಆ ಬಾಯಿ ಹತ್ತೂವರೆ ಮಿ.ಮೀ.ಯಷ್ಟೇ, ಒಳಗೆ ಹನ್ನೆರಡು. ಹಾಗೇ ಬಿಟ್ಟರೆ ಕಾಳು ಒಳಗೇ ಕಚ್ಚಿಕೊಳ್ಳುತ್ತದೆ. ಅರದಿಂದ ಎರಡೂ ಬದಿ ನೇರವಾಗಿ ಉಜ್ಜಿ, ಅಂಚಿನ ಚೂಪನ್ನು ಸವರಿ.

ಹಳೆಯ ತಟ್ಟೆ 8 ಮಿ.ಮೀ. ಇದ್ದರೆ ಹೊಸದರ ಹಿಂದೆ 3 ಮಿ.ಮೀ. ವಾಷರ್ ಹಾಕಲೇಬೇಕು. ಇಲ್ಲವಾದರೆ ಹಿಂದಿನ ಸಂದಿಗೆ ಕಾಳು ನುಗ್ಗಿ ಒಡೆಯುತ್ತದೆ, ತಟ್ಟೆಯೂ ಹಿಡಿದು ನಿಲ್ಲುತ್ತದೆ. ಹೆಚ್ಚಿನ ಕಾಳು ಸರಿಸುವ ಬ್ರಷ್ಷು ಸವೆದಿದ್ದರೆ ಬಟ್ಟೆ ತಿಕ್ಕುವ ನೈಲಾನ್ ಬ್ರಷ್ಷನ್ನೇ ಕತ್ತರಿಸಿ ಸ್ಕ್ರೂ ಹಾಕಿ.

ಗೊಬ್ಬರ

ಸಾಲು ಅರ್ಧವಾದ್ದರಿಂದ ಅಷ್ಟೇ ಗೊಬ್ಬರಕ್ಕೆ ಪ್ರತಿ ಸಾಲಿಗೆ ಎರಡು ಪಟ್ಟು ಬೀಳಬೇಕು. ಎಕರೆಗೆ 50 ಕೆ.ಜಿ. ಡಿಎಪಿ ಹಾಕುವುದಾದರೆ ಚಕ್ರದ ಹತ್ತು ಸುತ್ತಿಗೆ ಒಂದೊಂದು ಪೈಪಿನಿಂದ 96 ಗ್ರಾಂ ಬರಬೇಕು. ಗೊಬ್ಬರದ ಶಾಫ್ಟು ಬೀಜದ ಶಾಫ್ಟಿನಿಂದಲೇ ತಿರುಗುವಂತಿದ್ದರೆ ಅದರ ವೇಗವೂ ಅರ್ಧಕ್ಕಿಳಿದಿರುತ್ತದೆ. ಆಗ ಅದರ ಚೈನನ್ನು ನೇರವಾಗಿ ನೆಲಚಕ್ರಕ್ಕೆ ಜೋಡಿಸಿ. ಬಿಚ್ಚಿದ ತಾಳುಗಳ ಗೊಬ್ಬರದ ಬಾಯಿಗಳನ್ನು ಮುಚ್ಚುವುದು ಮರೆಯಬೇಡಿ. ಬೀಜವೂ ಗೊಬ್ಬರವೂ ಒಂದೇ ಕೊಳವೆಯಲ್ಲಿ ಇಳಿಯುವ ಕೂರಿಗೆಯಾದರೆ ಯೂರಿಯಾ ಬೆರೆಸಲೇಬೇಡಿ, ಮೊಳಕೆ ಸುಟ್ಟುಹೋಗುತ್ತದೆ.

ಹೊಲಕ್ಕೆ ಮುಂಚೆ ಅಂಗಳದಲ್ಲಿ

ಕೂರಿಗೆ ಎತ್ತಿ ನಿಲ್ಲಿಸಿ, ಪ್ರತಿ ಪೈಪಿಗೆ ಚೀಲ ಕಟ್ಟಿ, ನೆಲಚಕ್ರವನ್ನು ಹತ್ತು ಸುತ್ತು ತಿರುಗಿಸಿ. 12 ಸೆಕೆಂಡಿನಲ್ಲಿ ಹತ್ತು ಸುತ್ತು ಮುಗಿದರೆ ಅದು ಹೊಲದ ಓಟದ ವೇಗ. ನಿಧಾನಕ್ಕೆ ತಿರುಗಿಸಿ ಲೆಕ್ಕ ಸರಿಬಂತು ಎಂದು ಖುಷಿಪಟ್ಟರೆ ಹೊಲದಲ್ಲಿ ಗೊತ್ತಾಗುತ್ತದೆ. ಪ್ರತಿ ಚೀಲದಲ್ಲಿ 70 ಕಾಳು ಇರಬೇಕು. 63ರಿಂದ 77ರವರೆಗೆ ನಡೆಯುತ್ತದೆ. 80 ದಾಟಿದರೆ ಗುಳಿ ದೊಡ್ಡದು ಅಥವಾ ಬ್ರಷ್ಷು ಸಡಿಲ. ಎಲ್ಲ ಸಾಲಿನಲ್ಲೂ ಕಡಿಮೆ ಬಂದರೆ ಗುಳಿ ಬಿಗಿ, ಒಂದೇ ಸಾಲಿನಲ್ಲಿ ಕಡಿಮೆಯಾದರೆ ಪೈಪು ನೋಡಿ. ಒಡೆದ ಕಾಳನ್ನು ಬೇರೆ ಎಣಿಸಿ.

ಆಮೇಲೆ ತಾಳು ನೆಲ ಸವರುವಷ್ಟು ಇಳಿಸಿ ಗಟ್ಟಿ ಅಂಗಳದಲ್ಲಿ ಎಳೆಸಿ ಅಂತರ ನೋಡಿ. 28 ಸೆಂ.ಮೀ. ಮೀರಿದ್ದು ತಪ್ಪಿದ ಕಾಳು, 9ಕ್ಕಿಂತ ಕಡಿಮೆ ಇದ್ದದ್ದು ಜೋಡಿ ಕಾಳು. ಎಣಿಕೆ ಸರಿಯಿದ್ದೂ ಅಂತರ ಏರುಪೇರಾದರೆ ಪೈಪಿನದೇ ತಪ್ಪು: ಬಾಗಿದ, ಒಳಗೆ ತೋಡುಗಳಿರುವ ಪೈಪಿನಲ್ಲಿ ಕಾಳು ಪುಟಿಯುತ್ತಾ ತಡವಾಗಿ ಇಳಿಯುತ್ತದೆ. ನುಣುಪಾದ ಪೈಪನ್ನು ಆದಷ್ಟು ಗಿಡ್ಡಗೆ, ನೆಟ್ಟಗೆ ಹಾಕಿ.

ಬಿತ್ತುವಾಗ ಪೆಟ್ಟಿಗೆಯಲ್ಲಿ ಬೀಜ ತಟ್ಟೆಯ ಅರ್ಧ ಮೀರದಿರಲಿ. ಮೇಲಿನವರೆಗೆ ತುಂಬಿದರೆ ಕಾಳು ಗುಳಿಗೆ ಕೂರದೆ ರಾಶಿಯಾಗಿಯೇ ಕೆಳಗಿಳಿಯುತ್ತದೆ. ಔಷಧಿ ಲೇಪಿಸಿದ ಬೀಜದ ಬಣ್ಣ ಗುಳಿಗಳಿಗೆ ಅಂಟುವುದರಿಂದ ಪ್ರತಿ ಸಲ ಬೀಜ ತುಂಬುವಾಗ ಒಣ ಬ್ರಷ್ಷಿನಿಂದ ತಟ್ಟೆ ಉಜ್ಜಿ. ಬೀಜಕ್ಕೆ ಚಿಟಿಕೆ ಗ್ರಾಫೈಟ್ ಪುಡಿ ಬೆರೆಸಿದರೂ ಜಾರು ಸಿಗುತ್ತದೆ. ಆಳ 4–5 ಸೆಂ.ಮೀ. ಸಾಕು, ಶೇಂಗಾಕ್ಕೆ ಇಟ್ಟದ್ದೇ ನಡೆಯುತ್ತದೆ. ಸಂಜೆ ಪೆಟ್ಟಿಗೆಯಲ್ಲಿ ಉಳಿದ ಕಾಳನ್ನು ಕೈಗವಸು ಹಾಕಿಕೊಂಡು ಪೂರ್ತಿ ಬರಿದು ಮಾಡಿ ಚೀಲಕ್ಕೆ ಕಟ್ಟಿಡಿ. ಅಂಗಳಕ್ಕೆ ಉದುರಿದ್ದನ್ನು ಕೋಳಿ ಹೆಕ್ಕಿದರೆ ಸಾಯುತ್ತವೆ.