ರಂಗಶಾಲೆಯ ಸಂದರ್ಶನ: ‘ಬೇರೆ ಥರ ಮಾಡು’ ಅಂದಾಗ ಏನು ಮಾಡಬೇಕು?

ರಂಗಶಾಲೆಗಳ ಪ್ರವೇಶ ಪ್ರಕಟಣೆ ಬಂತೆಂದರೆ ಬಳ್ಳಾರಿಯ ನಮ್ಮ ತಂಡದಲ್ಲಿ ಅರ್ಜಿ ತುಂಬುವ ಸಡಗರ. ಒಳ್ಳೆಯ ಪಾತ್ರಧಾರಿಗಳೇ ಎಷ್ಟೋ ಮಂದಿ ಆಯ್ಕೆಯಾಗದೆ ವಾಪಸು ಬಂದದ್ದನ್ನು ನೋಡಿದ್ದೇನೆ. ಏನಾಯ್ತು ಎಂದು ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ: ‘ಮೊದಲ್ನೇ ಸಲ ಚಲೋ ಬಂತು ಸರ್. ಬ್ಯಾರೆ ಥರ ಮಾಡು ಅಂದ್ರು. ಅದನ್ನ ಇನ್ನೊಂಚೂರು ಜೋರಾಗಿ ಮಾಡಿದ್ನಿರೀ.’ ಎಡವುವುದು ಅಲ್ಲೇ. ಆದ್ದರಿಂದ ಇಲ್ಲಿನ ಹೆಚ್ಚಿನ ಜಾಗ ಆ ಹಂತಕ್ಕೆ.

ಯಾವ ಶಾಲೆ?

ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಒಂದು ವರ್ಷ ಅಲ್ಲೇ ಉಳಿದು ಕಲಿಯಬೇಕು. ಮೈಸೂರು ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರದಲ್ಲೂ ಒಂದು ವರ್ಷದ ಡಿಪ್ಲೊಮಾ ಇದೆ. ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷದ ಕೋರ್ಸು, ಅದಕ್ಕೆ ಪದವಿ ಆಗಿರಬೇಕು. ಮೊದಲು ಕನ್ನಡದ ಶಾಲೆಯಲ್ಲಿ ಒಂದು ವರ್ಷ ಕಲಿಯಿರಿ, ದೆಹಲಿಯ ಮಾತು ಆಮೇಲೆ. ತನ್ನ ನುಡಿಯಲ್ಲಿ ಪಳಗದ ನಟನಿಗೆ ಇನ್ನೊಂದು ನುಡಿಯಲ್ಲಿ ನಿಲ್ಲುವುದು ಬಲು ಕಷ್ಟ.

ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ; ವಯಸ್ಸು, ವಿದ್ಯಾರ್ಹತೆ, ಕೊನೆಯ ದಿನಾಂಕವನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಪಾಸ್‌ಪೋರ್ಟ್ ಅಳತೆಯ ಫೋಟೊ ಸಾಕು. ‘ಪೋರ್ಟ್‌ಫೋಲಿಯೊ ಮಾಡ್ಕೊಡ್ತೀವಿ’ ಎಂದು ಸಾವಿರಾರು ರೂಪಾಯಿ ಕೇಳುವ ಸ್ಟುಡಿಯೊಗಳ ಹತ್ತಿರ ಸುಳಿಯಬೇಡಿ. ಆ ದುಡ್ಡಿದ್ದರೆ ನಾಲ್ಕು ಊರು ತಿರುಗಿ ನಾಟಕ ನೋಡಿ.

ಭಾಗದ ಆಯ್ಕೆ

ಸಂದರ್ಶನದಲ್ಲಿ ಅಭಿನಯಿಸಿ ತೋರಿಸಲು ನಾಟಕವೊಂದರ ಎರಡು ನಿಮಿಷದ ಭಾಗ ಬೇಕು. ಮೊಬೈಲಿನಲ್ಲಿ ಸಮಯ ಹಿಡಿದು ನೋಡಿ. ಸಿನಿಮಾ ಡೈಲಾಗು ಖಂಡಿತ ಬೇಡ. ನಿಮ್ಮ ಬಾಯಲ್ಲಿ ಅದು ಆ ನಟನ ಮಿಮಿಕ್ರಿಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸ್ವಗತಗಳ ಪಿಡಿಎಫ್ ಕೂಡ ಬೇಡ. ಹಿಂದೆಮುಂದೆ ಇಲ್ಲದ ಆ ತುಂಡುಗಳನ್ನು ಕಲಿತು ಹೋದವರಿಗೆ ‘ಇವನು ಇದಕ್ಕೆ ಮುಂಚೆ ಎಲ್ಲಿದ್ದ?’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಇಡೀ ನಾಟಕ ಓದಿ. ನಿಮ್ಮದೇ ವಯಸ್ಸಿನ ಪಾತ್ರ, ಎದುರಿಗಿರುವವರಿಂದ ಏನನ್ನೋ ಬೇಡುವ ಪಾತ್ರ ಆರಿಸಿ. ಇಪ್ಪತ್ತರ ಹುಡುಗ ಎಂಬತ್ತರ ದೊರೆಯಾಗಿ ಕೆಮ್ಮುವುದನ್ನು ನೋಡಿ ನೋಡಿ ಹೇಳುತ್ತಿದ್ದೇನೆ.

ಸಿರುಗುಪ್ಪದ ಕಡೆಯ ಒಬ್ಬ ಹುಡುಗಿ ಕೇಳಿದ್ದಳು: ‘ಸರ್, ಇದನ್ನ ಪುಸ್ತಕದ ಕನ್ನಡದಾಗ ಹೇಳ್ಬೇಕೇನ್ರಿ, ನಮ್ ಮಾತಿನಾಗ ಹೇಳ್ಬೇಕೇನ್ರಿ?’ ನಾಟಕ ಯಾವ ಕನ್ನಡದಲ್ಲಿದೆಯೋ ಅದರಲ್ಲೇ ಹೇಳಬೇಕು. ಮೈಸೂರಿನ ಧಾಟಿಯನ್ನು ಎರವಲು ತರುವ ಗೋಜು ಬೇಡ. ಆದರೆ ಶಾಲೆ ‘ಸಾಲಿ’ ಆಗದಂತೆ, ಣ-ನ, ಳ-ಲ ಬೆರೆಯದಂತೆ ಹೇಳಲು ನಾಲಿಗೆಗೆ ಬರಲೇಬೇಕು. ದಿನಾ ಹತ್ತು ನಿಮಿಷ ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ. ಕಂಠ ಇಂಪಾಗಿಸುವ ಗುಳಿಗೆಗಳಿಂದ ಈ ಕೆಲಸ ಆಗುವುದಿಲ್ಲ.

ಒಂದೇ ಮಾತು, ಐದು ಬಗೆ

ಈಗ ಮುಖ್ಯ ಸಂಗತಿ. ನಿಮ್ಮ ಭಾಗ ಮುಗಿದ ಕೂಡಲೇ ಆಯ್ಕೆ ಮಾಡುವವರು ಅದನ್ನು ಬದಲಿಸಿ ಮಾಡಲು ಹೇಳಬಹುದು. ಒಂದು ವರ್ಷ ಕಲಿಸಬೇಕಾದವರು ಅವರು. ಹೇಳಿದ್ದನ್ನು ಈ ಮೈ, ಈ ದನಿ ಹಿಡಿದುಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಕನ್ನಡಿ ಮುಂದೆ ನಿಂತು ಕೈ ಎತ್ತುವುದು, ಕಣ್ಣರಳಿಸುವುದು, ಎಲ್ಲವನ್ನೂ ಮಾತಿಗೆ ಹೊಲಿದುಕೊಂಡು ಹೋದವರಿಗೆ ಆಗ ಬಿಚ್ಚಲು ಬರುವುದಿಲ್ಲ.

ಒಂದು ಮಾತು ತೆಗೆದುಕೊಳ್ಳಿ: ‘ಅಪ್ಪಾ, ನಾಳಿಂದ ನಾ ಹೊಲಕ್ಕ ಬರೋದಿಲ್ಲ.’ ಇದನ್ನು ಅಪ್ಪನ ಒಪ್ಪಿಗೆ ಬೇಡುತ್ತ ಹೇಳಿ. ಆಮೇಲೆ ಅವನನ್ನು ಹೆದರಿಸುತ್ತ. ಆಮೇಲೆ ಸುದ್ದಿ ಮುಟ್ಟಿಸಿ ಅಲ್ಲಿಂದ ಪಾರಾಗುವ ಅವಸರದಲ್ಲಿ. ಒಳಗೆ ಜ್ವರ ಬಂದು ಮಲಗಿರುವ ಅವ್ವನಿಗೆ ಕೇಳದ ಹಾಗೆ. ಕೊನೆಗೆ, ಟ್ರ್ಯಾಕ್ಟರ್ ಓಡುತ್ತಿರುವಾಗ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ. ಪದ ಒಂದೂ ಬದಲಾಗಿಲ್ಲ. ಉಸಿರು, ನಿಲುವು, ಎಲ್ಲಿ ತಡೆಯುತ್ತೀರಿ ಎಂಬುದು ತಾನಾಗಿ ಬದಲಾಗುತ್ತದೆ. ನಿಮ್ಮ ಭಾಗದ ಪ್ರತಿಯೊಂದು ಸಾಲಿಗೂ ‘ಈ ಮಾತಿನಿಂದ ಎದುರಿನವನು ಏನು ಮಾಡಬೇಕು ಅಂತ ನನ್ನ ಆಸೆ?’ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ‘ದುಃಖದಿಂದ’, ‘ಸಿಟ್ಟಿನಿಂದ’ ಎಂದು ಬರೆಯಬೇಡಿ, ಅದರಿಂದ ಮುಖ ಕಿವುಚುವುದಷ್ಟೇ ಬರುತ್ತದೆ.

ಎರಡನೆಯ ಅಭ್ಯಾಸ: ಕೈಗೆ ಕೆಲಸ ಕೊಟ್ಟು ಮಾತಾಡಿ. ರೊಟ್ಟಿ ಬಡಿಯುತ್ತ, ಮೆಣಸಿನಕಾಯಿ ತೊಟ್ಟು ಮುರಿಯುತ್ತ, ಬಿಂದಿಗೆಯಲ್ಲಿ ನೀರು ತರುತ್ತ ಇಡೀ ಭಾಗ ಹೇಳಿ. ಸಿರುಗುಪ್ಪದ ಆ ಹುಡುಗಿ ಹದಿನೈದು ದಿನ ರೊಟ್ಟಿ ಬಡಿಯುತ್ತಲೇ ಕಲಿತಳು. ಸಂದರ್ಶನದಲ್ಲಿ ‘ನೆಲದ ಮೇಲೆ ಕೂತು ಮಾಡು’ ಅಂದರಂತೆ. ಅವಳಿಗೆ ಅದು ಹೊಸದೇ ಅನ್ನಿಸಲಿಲ್ಲ. ಆಯ್ಕೆಯಾದಳು.

ಕೇಳುವವನನ್ನು ಎಲ್ಲಿಡಬೇಕು? ಆಯ್ಕೆ ಮಾಡಲು ಕೂತವರ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಡಿ, ಅವರಿಗೆ ಬರೆದುಕೊಳ್ಳುವುದಿರುತ್ತದೆ. ಅವರ ತಲೆಗಿಂತ ತುಸು ಮೇಲೆ ನಿಮ್ಮ ‘ಅಪ್ಪ’ ನಿಂತಿದ್ದಾನೆ ಎಂದುಕೊಳ್ಳಿ. ದನಿಯ ವಿಷಯವೂ ಇಲ್ಲೇ. ಬನಶಂಕರಿ ಜಾತ್ರೆಯ ಕಂಪನಿ ನಾಟಕದಲ್ಲಿ, ನಮ್ಮೂರ ಬಯಲಾಟದಲ್ಲಿ ಪಳಗಿದ ದನಿ ದೊಡ್ಡ ಆಸ್ತಿ. ಆದರೆ ಸಂದರ್ಶನದ ಕೋಣೆಯಲ್ಲಿ ಕೇಳುವವರು ಹತ್ತು ಅಡಿ ದೂರದಲ್ಲಿರುತ್ತಾರೆ. ಆ ದನಿಯನ್ನು ಇಳಿಸಿ, ಅಕ್ಷರ ಮಾತ್ರ ಅಷ್ಟೇ ಗಟ್ಟಿಯಾಗಿರಲಿ.

ಹಾಡು, ಪ್ರಶ್ನೆ, ಪ್ರಯಾಣ

ಹಾಡಲು ಹೇಳಿದರೆ ಮನೆಯಲ್ಲಿ ಕೇಳಿ ಬೆಳೆದದ್ದನ್ನೇ ಹಾಡಿ: ಸೋಬಾನೆ, ತತ್ವಪದ, ಮುದಗಲ್ಲಿನ ಕಡೆಯವರಾದರೆ ಮೊಹರಂನ ರಿವಾಯತ್ ಪದ. ಮೊಬೈಲಿನ ಕರೋಕೆ ಹಾಕಬೇಡಿ.

ಪ್ರಶ್ನೆಗಳಲ್ಲಿ ನಮ್ಮವರು ಸೋಲುವುದು ತಮ್ಮೂರಿನ ವಿಷಯದಲ್ಲೇ. ಬಳ್ಳಾರಿಯವರಿಗೆ ರಾಘವ ಕಲಾಮಂದಿರ ಗೊತ್ತು, ಬಳ್ಳಾರಿ ರಾಘವ (1880–1946) ಗೊತ್ತಿಲ್ಲ! ವಕೀಲಿಕೆ ಮಾಡುತ್ತಲೇ ರಂಗದ ಮೇಲೆ ಹೆಸರಾದವರು, ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕು ಎಂದು ವಾದಿಸಿದವರು. ಕೊಪ್ಪಳದವರು ಮೊರನಾಳದ ತೊಗಲುಗೊಂಬೆಯ ಭೀಮವ್ವ ಶಿಳ್ಳೇಕ್ಯಾತರ ಅವರ ಬಗ್ಗೆ ತಿಳಿದಿರಲಿ. 2025ರಲ್ಲಿ ಪದ್ಮಶ್ರೀ ಸಂದ ಹಿರಿಯರು. ಯಾವ ನಾಟಕ ನೋಡಿದ್ದೀರಿ ಎಂದರೆ ನೋಡಿದ್ದನ್ನೇ ಹೇಳಿ. ಓದಿ ತಿಳಿದದ್ದನ್ನು ನೋಡಿದೆ ಎಂದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಮೈಗೆ ಬಿಗಿಯದ ಹತ್ತಿ ಬಟ್ಟೆ, ಮೇಕಪ್ಪಿಲ್ಲದ ಮುಖ, ಬರಿಗಾಲು. ಹಿಂದಿನ ದಿನವೇ ತಲುಪಿ. ಮೈಸೂರಿಗೆ ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ಮೇಲೆಯೇ ಹೋಗುತ್ತದೆ. ಹೆಗ್ಗೋಡಿಗೆ ಸಾಗರ ತಲುಪಿ ಅಲ್ಲಿಂದ ಬಸ್ಸು. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಳಗ್ಗೆ ನೇರ ಕೋಣೆಗೆ ಹೋದರೆ ದನಿ ಏಳುವುದಿಲ್ಲ.

ಭಾಗದ ನಡುವೆಯೇ ‘ಸಾಕು’ ಅಂದರೆ ಗಾಬರಿಯಾಗಬೇಡಿ. ಬೇಕಾದದ್ದು ಅವರಿಗೆ ಅಷ್ಟರಲ್ಲೇ ಕಂಡಿರಬಹುದು. ಉಸಿರು ತೆಗೆದುಕೊಂಡು, ಅಲ್ಲೇ ನಿಂತು, ಮುಂದೇನು ಹೇಳುತ್ತಾರೋ ಕೇಳಿಸಿಕೊಳ್ಳಿ.